ಎಷ್ಟು ಪರ್ಸೆಂಟ್ ಬ್ಲಾಕ್ ಅದಾವ್ರಿ?

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿ ನಿವೃತ್ತ ನೌಕರರ ಒಂದು ಸಣ್ಣ ಬಳಗ ನನ್ನನ್ನು ಮಾತಾಡಲು ಕರೆದಿತ್ತು. ಆಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು, ಅದಕ್ಕೇ ಇದು. ಅಲ್ಲಿ ಮಾತಾಡಿದ್ದು ನಮ್ಮ ಕಡೆಯ ಭಾಷೆಯಲ್ಲಿ. ಬರೆಯುವಾಗ ಸ್ವಲ್ಪ ಇಸ್ತ್ರಿ ಹಾಕಿದ್ದೇನೆ, ನಡುವೆ ಬಂದ ಪ್ರಶ್ನೆಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬೆಳಗಾವಿಯಲ್ಲಿ ಹತ್ತಾರು ವರ್ಷ ಕ್ಲಿನಿಕಲ್ ಟ್ರಯಲ್ ಕೋ-ಆರ್ಡಿನೇಟರ್ ಆಗಿದ್ದವಳು. ಅಂದರೆ, ಒಂದು ಔಷಧವೋ ಸ್ಟೆಂಟೋ (ಕಿರಿದಾದ ನಾಳ ಮತ್ತೆ ಮುಚ್ಚದ ಹಾಗೆ ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆ) ನಿಜಕ್ಕೂ ಉಪಯೋಗಕ್ಕೆ ಬರುತ್ತದಾ ಅಂತ ಪೇಷಂಟ್‌ಗಳ ಮೇಲೆ ಪರೀಕ್ಷೆ ಮಾಡುತ್ತಾರಲ್ವಾ, ಅಲ್ಲಿ ಒಪ್ಪಿಗೆ ಪತ್ರ ಓದಿ ಹೇಳುವವರು, ಸಹಿನೋ ಹೆಬ್ಬೆಟ್ಟೋ ತಗೊಳ್ಳುವವರು, ಆಮೇಲೆ ವರ್ಷಗಟ್ಟಲೆ ಫೋನ್ ಮಾಡಿ "ಹೆಂಗದೀರ್ರಿ" ಅಂತ ಕೇಳಿ ಫಾರ್ಮ್ ತುಂಬುವವರು ಬೇಕಾಗುತ್ತಾರೆ. ಆ ಕೆಲಸ ನನ್ನದು. ಹಾಗಾಗಿ ನಿಮ್ಮ ಎದೆನೋವಿಗೆ ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಯಾವುದು ಕೆಲಸ ಮಾಡುತ್ತದೆ ಅನ್ನುವುದು ಡಾಕ್ಟರುಗಳಿಗೆ ಹೇಗೆ ಗೊತ್ತಾಯಿತು, ಅದನ್ನು ಹೇಳಬಲ್ಲೆ.

ಹಾಲ್‌ಗೆ ಬರುತ್ತಿದ್ದಂತೆ ಒಬ್ಬ ಕಾಕಾ ನನ್ನನ್ನು ಬಾಗಿಲಲ್ಲೇ ಹಿಡಿದರು. ಕೈಯಲ್ಲಿ ಸೀರೆ ಅಂಗಡಿಯ ಚೀಲ. ಚೀಲದೊಳಗೆ ಫೈಲು, ಫೈಲಿನೊಳಗೆ ಆಂಜಿಯೋಗ್ರಾಮ್ ರಿಪೋರ್ಟು, ಅದರ ಜೊತೆ ಒಂದು ಸಿಡಿ. "ಅಕ್ಕಾರ, ಎಂಬತ್ತು ಪರ್ಸೆಂಟ್ ಅಂದಾರ್ರಿ. ನೋಡ್ರಿಲ್ಲೆ." ಆ ಸಿಡಿಯನ್ನು ಮನೆಯಲ್ಲಿ ಯಾರೂ ನೋಡಿಲ್ಲ, ನೋಡಲು ಯಂತ್ರವೂ ಇಲ್ಲ, ಮೊಮ್ಮಗನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲವಂತೆ. ಆದರೂ ಎರಡು ವರ್ಷದಿಂದ ಹೊಲದ ಉತಾರದ ಜೊತೆ ತಿಜೋರಿಯಲ್ಲಿದೆ. ಇಂಥ ಚೀಲಗಳನ್ನು ನಾನು ನೂರಾರು ನೋಡಿದ್ದೇನೆ. ಚೀಲ ಬೇರೆ ಬೇರೆ, ಪ್ರಶ್ನೆ ಒಂದೇ. ಎಷ್ಟು ಪರ್ಸೆಂಟ್?

ಈ ಪರ್ಸೆಂಟಿನ ಹಿಂದೆ ಒಂದು ಚಿತ್ರ ಇದೆ. ನಮ್ಮ ಕಡೆ ಬೋರಿನ ನೀರು ಗಡಸು, ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದೆ, ನಲ್ಲಿ ಸಣ್ಣಗಾಗುತ್ತದೆ, ಪ್ಲಂಬರ್ ಬಂದು ಕೊರೆದು ಕೊಡುತ್ತಾನೆ, ನೀರು ಭರ್ರನೆ ಬರುತ್ತದೆ. ರಕ್ತನಾಳವೂ ಹಾಗೇ ಅಂದುಕೊಂಡಿದ್ದೇವೆ. ಎಂಬತ್ತು ಕಟ್ಟಿದೆ, ಇನ್ನಿಪ್ಪತ್ತು ಉಳಿದಿದೆ, ಅದೂ ಕಟ್ಟಿದ ದಿನ ಹಾರ್ಟ್ ಅಟ್ಯಾಕ್.

ಹಾಗಿಲ್ಲ ಅದು. ಜಿಡ್ಡು ಕಟ್ಟುವುದು ನಾಳದ ಒಳಗಲ್ಲ, ಗೋಡೆಯಲ್ಲಿ. ಹಳೇ ಮಣ್ಣಿನ ಮನೆ ನೆನಪಿಸಿಕೊಳ್ಳಿ, ಹಿನ್ನೀರಿನ ಅಂಚಿನ ಹಳೇ ಬಾಗಲಕೋಟೆಯಲ್ಲಿ ಬೆಳೆದವರಿಗೆ ಚೆನ್ನಾಗಿ ಗೊತ್ತು. ಗೋಡೆ ತೇವ ಹಿಡಿದು ಒಳಗಿಂದ ಉಬ್ಬುತ್ತದೆ, ಮೇಲೆ ಸುಣ್ಣದ ಪದರ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಒಂದು ದಿನ ಆ ಸುಣ್ಣ ಬಿರುಕು ಬಿಡುತ್ತದೆ. ರಕ್ತನಾಳದಲ್ಲಿ ಹಾಗೆ ಬಿರುಕು ಬಿಟ್ಟ ಜಾಗಕ್ಕೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕೆಲವೇ ನಿಮಿಷದಲ್ಲಿ ನಾಳವನ್ನೇ ಮುಚ್ಚಬಹುದು. ಹಾರ್ಟ್ ಅಟ್ಯಾಕ್ ಜಾಸ್ತಿ ಆಗುವುದು ಹೀಗೆ. ದೊಡ್ಡದಾಗಿ ಉಬ್ಬಿದ ಗೋಡೆಯೇ ಮೊದಲು ಬಿರಿಯಬೇಕು ಅಂತೇನೂ ಇಲ್ಲ.

ಇದನ್ನು ಪ್ರಾಸ್ಪೆಕ್ಟ್ ಅನ್ನುವ ಅಧ್ಯಯನ ಬಹಳ ಚಂದ ತೋರಿಸಿತು. ಫಲಿತಾಂಶ ಬಂದಿದ್ದು 2011ರಲ್ಲಿ. ತೊಂದರೆಯಾಗಿ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದ 697 ಜನರ ನಾಳಗಳನ್ನು ಒಳಗಿಂದಲೇ ಸ್ಕ್ಯಾನ್ ಮಾಡಿಟ್ಟುಕೊಂಡು, ಮೂರು ವರ್ಷಕ್ಕೂ ಜಾಸ್ತಿ ಕಾದರು. ಕೆಲವರಿಗೆ ಚಿಕಿತ್ಸೆ ಮಾಡದೆ ಬಿಟ್ಟಿದ್ದ ಬೇರೆ ಜಾಗದಿಂದ ಮತ್ತೆ ತೊಂದರೆ ಬಂತು. ತಿರುಗಿ ಹಳೇ ಚಿತ್ರ ತೆಗೆದು ನೋಡಿದರೆ, ಆ ಜಾಗಗಳು ಮೊದಲ ದಿನ ಸರಾಸರಿ 32 ಪರ್ಸೆಂಟ್ ಮಾತ್ರ ಕಿರಿದಾಗಿದ್ದವು. ರಿಪೋರ್ಟಿನಲ್ಲಿ "ಸಣ್ಣದು, ಚಿಂತೆ ಬೇಡ" ಅನ್ನಿಸಿಕೊಳ್ಳುವಂಥವು.

ಅಲ್ಲಿಗೇ ಎರಡನೇ ಸಾಲಿನಿಂದ ಒಬ್ಬರು ಕೈ ಎತ್ತಿದರು. "ಹಂಗಾದ್ರ ಸ್ಟೆಂಟ್ ಹಾಕೋದು ಸುಳ್ಳೇನ್ರಿ?"

ಸುಳ್ಳಲ್ಲ. ಇಲ್ಲೇ ಎಲ್ಲರೂ ಎಡವುವುದು. ಎರಡು ಬೇರೆ ಬೇರೆ ಕಾಯಿಲೆಗಳನ್ನು ನಾವು ಒಂದೇ ಹೆಸರಲ್ಲಿ ಕರೆಯುತ್ತಿದ್ದೇವೆ. ಈಗ, ಈ ಗಳಿಗೆಯಲ್ಲಿ ನಾಳ ಮುಚ್ಚಿಕೊಂಡು ಹೃದಯದ ಮಾಂಸ ಸಾಯುತ್ತಿರುವುದು ಒಂದು. ವರ್ಷಗಟ್ಟಲೆ ಕಿರಿದಾಗುತ್ತಾ ಬಂದು, ಏರು ಹತ್ತಿದಾಗ ಎದೆ ಹಿಡಿದು, ನಿಂತರೆ ಬಿಟ್ಟುಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕ ಉತ್ತರ ಎರಡನೆಯದಕ್ಕೆ ಒಪ್ಪುವುದಿಲ್ಲ. ಇದು ಗೊತ್ತಾಗಲು ಮೂವತ್ತು ನಲವತ್ತು ವರ್ಷ ಹಿಡಿಯಿತು, ಸಾವಿರಾರು ಪೇಷಂಟ್‌ಗಳು "ಆಗಲಿ, ನನ್ನ ಮೇಲೆ ಚೀಟಿ ಎತ್ತಿ" ಅಂತ ಒಪ್ಪಬೇಕಾಯಿತು.

ಚೀಟಿ ಎತ್ತೋದು ಅಂದೆನಲ್ವಾ. ನನ್ನ ಕೆಲಸದಲ್ಲಿ ಜನರಿಗೆ ತಿಳಿಸಲು ಅತಿ ಕಷ್ಟ ಆಗುತ್ತಿದ್ದ ಭಾಗ ಅದೇ. ಟ್ರಯಲ್‌ನಲ್ಲಿ ಯಾರಿಗೆ ಯಾವ ಚಿಕಿತ್ಸೆ ಅಂತ ಡಾಕ್ಟರ್ ಆರಿಸುವುದಿಲ್ಲ, ಕಂಪ್ಯೂಟರ್ ಚೀಟಿ ಎತ್ತುತ್ತದೆ. ಒಬ್ಬ ಅಜ್ಜಿ, ಗೋಕಾಕ ಕಡೆಯವರು, ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಷ್ಟು ಓದಿದ ಡಾಕ್ಟರು, ಚೀಟಿ ಎತ್ತತಾರಂತ?" ನಾನು ಹೇಳಿದೆ, ಅಜ್ಜಿ, ಡಾಕ್ಟರ್ ಆರಿಸಿದರೆ ಗಟ್ಟಿಮುಟ್ಟಾದವರನ್ನು ಒಂದು ಕಡೆ, ಸೋತವರನ್ನು ಇನ್ನೊಂದು ಕಡೆ ಹಾಕಿಬಿಡುತ್ತಾರೆ, ಬೇಕಂತಲೇ ಅಲ್ಲ, ಮನಸ್ಸಿಗೆ ಹಾಗೆ ಅನ್ನಿಸುತ್ತದೆ. ಆಮೇಲೆ ಗಟ್ಟಿಯಾದವರು ಬದುಕಿದರೆ ಅದು ಔಷಧದಿಂದಲೋ ಅವರ ರೊಟ್ಟಿಯಿಂದಲೋ ಯಾರಿಗೆ ಗೊತ್ತು? ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಹೆಬ್ಬೆಟ್ಟು ಒತ್ತಿದರು. ಓದು ಬಾರದವರಾದರೆ ಪಕ್ಕದಲ್ಲಿ ಆಸ್ಪತ್ರೆಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಕೂತಿರಬೇಕು, ಕೆಲವು ಪ್ರಯೋಗಗಳಲ್ಲಿ ಒಪ್ಪಿಗೆ ಕೊಡುವುದನ್ನು ವಿಡಿಯೋ ಕೂಡ ಮಾಡಬೇಕು. ನಮ್ಮ ದೇಶದಲ್ಲಿ 2009ರ ಜೂನ್‌ನಿಂದ ಪ್ರತಿ ಟ್ರಯಲನ್ನೂ ಶುರು ಮಾಡುವ ಮೊದಲೇ ಸರ್ಕಾರದ ನೋಂದಣಿಯಲ್ಲಿ ಬರೆಸಬೇಕು, ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. "ಇಲಿ ಮಾಡ್ಯಾರ ನಮ್ಮನ್ನ" ಅಂತ ಮಾತಾಡುವವರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಸರಿ, ಮೊದಲು ತುರ್ತಿನ ಕಥೆ.

1988ರಲ್ಲಿ ಐಸಿಸ್-2 ಅಂತ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. 16 ದೇಶ, 417 ಆಸ್ಪತ್ರೆ, ಹಾರ್ಟ್ ಅಟ್ಯಾಕ್ ಆಗಿದೆ ಅಂತ ಅನುಮಾನ ಇದ್ದ 17,187 ಜನ. ನಾಲ್ಕು ಗುಂಪು. ಒಂದಕ್ಕೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಇಂಜೆಕ್ಷನ್, ಒಂದಕ್ಕೆ ಆಸ್ಪಿರಿನ್ ಗುಳಿಗೆ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಆದರೆ ಏನೂ ಇಲ್ಲದ ಗುಳಿಗೆ, ಇಂಜೆಕ್ಷನ್. ಐದು ವಾರ ಆದ ಮೇಲೆ ಲೆಕ್ಕ ಹಾಕಿದರು. ಏನೂ ಸಿಗದ ಗುಂಪಿನಲ್ಲಿ 100ಕ್ಕೆ 13 ಜನ ತೀರಿಕೊಂಡಿದ್ದರು, ಎರಡೂ ಸಿಕ್ಕ ಗುಂಪಿನಲ್ಲಿ 8. ಆಸ್ಪಿರಿನ್ ಒಂದರಿಂದಲೇ ಸಾವು ಸುಮಾರು ಕಾಲು ಭಾಗ ಇಳಿದಿತ್ತು. ಚಹಾದ ಬೆಲೆಗಿಂತ ಕಡಿಮೆಯ ಗುಳಿಗೆ!

ಇದರಲ್ಲೊಂದು ಮಜಾ ಇದೆ, ನಮ್ಮವರಿಗೆ ಹೇಳಲೇಬೇಕು. ಲೇಖನ ಅಚ್ಚು ಮಾಡುವ ವೈದ್ಯಕೀಯ ಪತ್ರಿಕೆಯವರು ವಯಸ್ಸಿನ ಪ್ರಕಾರ, ಲಿಂಗದ ಪ್ರಕಾರ ಬಿಡಿಸಿ ಬಿಡಿಸಿ ಲೆಕ್ಕ ಕೊಡಿ ಅಂತ ಕೇಳಿದರು. ಹಾಗೆ ಚೂರು ಚೂರು ಮಾಡಿದರೆ ಲೆಕ್ಕ ಸುಳ್ಳು ಹೇಳಲು ಶುರು ಮಾಡುತ್ತದೆ ಅಂತ ಸಂಶೋಧಕರಿಗೆ ಗೊತ್ತಿತ್ತು. ಅವರು ರಾಶಿ ಪ್ರಕಾರವೂ ಲೆಕ್ಕ ಹಾಕಿ ಅಚ್ಚು ಮಾಡಿಸಿದರು! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭ ಇಲ್ಲ, ಉಳಿದ ಹತ್ತು ರಾಶಿಯವರಿಗೆ ಭರ್ಜರಿ ಲಾಭ ಅಂತ ಬಂತು. ನಂಬಬೇಡಿ ಅಂತಲೇ ಹಾಕಿದ್ದು. ಅವತ್ತು ಹಾಲ್‌ನಲ್ಲಿ ಇದನ್ನು ಹೇಳಿದ ಕೂಡಲೇ ಹಿಂದಿನಿಂದ ಒಬ್ಬರು "ನಂದು ತುಲಾ ರೀ, ಆಸ್ಪಿರಿನ್ ಬಿಡ್ಲೇನ್ರಿ?" ಅಂದರು. ಎಲ್ಲರೂ ನಕ್ಕರು, ಅವರು ಮಾತ್ರ ನಗಲಿಲ್ಲ. ಬಿಡಬೇಡಿ ಅಂತ ಮೂರು ಸಲ ಹೇಳಬೇಕಾಯಿತು.

ಆಮೇಲೆ, ಹೆಪ್ಪು ಕರಗಿಸುವುದಕ್ಕಿಂತ ನೇರ ಕ್ಯಾಥ್ ಲ್ಯಾಬಿಗೆ, ಅಂದರೆ ನಾಳದೊಳಗೆ ಸಣ್ಣ ನಳಿಕೆ ಬಿಟ್ಟು ಚಿಕಿತ್ಸೆ ಮಾಡುವ ಕೋಣೆಗೆ, ಒಯ್ದು ಬಲೂನ್ ಹಾಕಿ ನಾಳ ತೆರೆಯುವುದು ಮೇಲು ಅಂತ ಗೊತ್ತಾಯಿತು. 2003ರಲ್ಲಿ 23 ಪ್ರಯೋಗಗಳನ್ನು, ಒಟ್ಟು 7,739 ಪೇಷಂಟ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೊದಲ ಕೆಲವು ವಾರಗಳ ಸಾವು ಇಂಜೆಕ್ಷನ್ ಗುಂಪಿನಲ್ಲಿ 100ಕ್ಕೆ 9, ಬಲೂನ್ ಗುಂಪಿನಲ್ಲಿ 7. ಆದರೆ ಇದು ಹೊತ್ತಿಗೆ ಸರಿಯಾಗಿ ಮಾಡಿದರೆ ಮಾತ್ರ. ಎರಡು ತಾಸಿನೊಳಗೆ ನಾಳ ತೆರೆಯಲು ಆಗದಿದ್ದರೆ, ಇದ್ದಲ್ಲೇ ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅನ್ನುವುದು ಇವತ್ತಿನ ನಿಯಮ. ನಮ್ಮ ಜಿಲ್ಲೆಯ ನಕ್ಷೆ ನೆನಪಿಸಿಕೊಳ್ಳಿ. ಹೊಲದಲ್ಲಿ ಎದೆ ಹಿಡಿದುಕೊಂಡವನು ಮನೆಗೆ ಬರಬೇಕು, ಗಾಡಿ ಹುಡುಕಬೇಕು, ಹುನಗುಂದವೋ ಬಾದಾಮಿಯೋ ತಲುಪಬೇಕು, ಅಲ್ಲಿಂದ ಮುಂದೆ ಹೋಗಬೇಕು. ಅದಕ್ಕೇ ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿರುವುದು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ ಓದಿಸಿ, ಹಾರ್ಟ್ ಅಟ್ಯಾಕ್ ಅಂತ ಖಚಿತ ಆದರೆ ಟೆನೆಕ್ಟೆಪ್ಲೇಸ್ ಅನ್ನುವ ದುಬಾರಿ ಇಂಜೆಕ್ಷನನ್ನು ಪುಕ್ಕಟೆ ಕೊಡುತ್ತಾರೆ. ಇಷ್ಟು ವರ್ಷದ ಪ್ರಯೋಗಗಳು ಕೊನೆಗೆ ನಮ್ಮ ತಾಲೂಕಿಗೆ ಬಂದು ಮುಟ್ಟಿದ್ದು ಹೀಗೆ.

ಇಲ್ಲಿ ನನ್ನದೊಂದು ಸಿಟ್ಟಿದೆ. ನಾನು ತುಂಬುತ್ತಿದ್ದ ಫಾರ್ಮಿನಲ್ಲಿ ಎರಡು ಖಾನೆ ಇರುತ್ತಿದ್ದವು, ನೋವು ಶುರುವಾದ ಹೊತ್ತು, ಆಸ್ಪತ್ರೆ ಮುಟ್ಟಿದ ಹೊತ್ತು. ಎರಡರ ನಡುವೆ ಐದು ತಾಸು, ಎಂಟು ತಾಸು. ಏನು ಮಾಡುತ್ತಿದ್ದಿರಿ ಅಂದರೆ, "ಗ್ಯಾಸ್ ಆಗೇತಿ ಅಂತ ಸೋಡಾ ಕುಡದ್ನಿರಿ, ಓಮಿನ ಕಾಳು ತಿಂದ್ನಿರಿ." ಎದೆ ಮೇಲೆ ಕಲ್ಲಿಟ್ಟ ಹಾಗೆ ಭಾರ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಬಂದಾಗ ಗ್ಯಾಸೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಇಸಿಜಿ. ಮನೆಯವರಲ್ಲ, ಸೋಡಾದವನಲ್ಲ.

ಇನ್ನು ಎರಡನೇ ಕಥೆ. ನಿಧಾನದ ಬ್ಲಾಕ್. ಕಾಕಾನ ಚೀಲದ ಕಥೆ.

1977ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂಂಟ್ಜಿಗ್ ಅನ್ನುವ ಡಾಕ್ಟರ್ ಮೊದಲ ಸಲ ಒಬ್ಬ ಎಚ್ಚರವಿದ್ದ ಪೇಷಂಟ್‌ನ ಹೃದಯದ ನಾಳದಲ್ಲಿ ಬಲೂನ್ ಊದಿ ಕಿರಿದಾದ ಜಾಗ ಅಗಲ ಮಾಡಿದರು. ಆ ಬಲೂನನ್ನು ಅವರು ತಮ್ಮ ಅಡುಗೆಮನೆಯ ಟೇಬಲ್ ಮೇಲೆ ಕೂತು ಮಾಡಿದ್ದು. 1986ರಲ್ಲಿ ಮನುಷ್ಯರಿಗೆ ಸ್ಟೆಂಟ್ ಹಾಕಲು ಶುರುವಾಯಿತು. ಕಿರಿದಾದ ಜಾಗ ಕಣ್ಣೆದುರೇ ಅಗಲ ಆಗುತ್ತದೆ, ಪೇಷಂಟ್ ಎದ್ದು ಕೂತು ಹಗುರಾಯ್ತು ಅನ್ನುತ್ತಾನೆ. ಇನ್ನೇನು ಪುರಾವೆ ಬೇಕು?

ಬೇಕು. ಯಾಕೆ ಅಂದರೆ ಇದಕ್ಕೂ ಹಿಂದೆ ಡಾಕ್ಟರುಗಳು ಒಂದು ಸಲ ಹೀಗೇ ಮೋಸ ಹೋಗಿದ್ದರು. 1950ರ ದಶಕದಲ್ಲಿ ಎದೆಗೂಡಿನೊಳಗಿನ ಒಂದು ರಕ್ತನಾಳವನ್ನು ದಾರದಿಂದ ಕಟ್ಟಿಬಿಡುವ ಆಪರೇಷನ್ ಇತ್ತು. ಆ ನಾಳ ಕಟ್ಟಿದರೆ ರಕ್ತ ಹೃದಯದ ಕಡೆ ಜಾಸ್ತಿ ಹರಿಯುತ್ತದೆ ಅನ್ನುವ ಲೆಕ್ಕ. ಕಾಲುವೆಗೆ ಒಡ್ಡು ಹಾಕಿ ನೀರು ತಿರುಗಿಸಿದ ಹಾಗೆ. ಮಾಡಿಸಿಕೊಂಡವರು ನೋವು ಕಡಿಮೆ ಆಯ್ತು ಅಂತಲೇ ಹೇಳುತ್ತಿದ್ದರು. 1959ರಲ್ಲಿ ಅಮೆರಿಕದಲ್ಲಿ ಕಾಬ್ ಮತ್ತು ಜೊತೆಗಾರರು 17 ಜನರ ಮೇಲೆ ನೋಡಿದರು. ಎಲ್ಲರಿಗೂ ಎದೆಯ ಚರ್ಮ ಕೊಯ್ದರು, ಕೆಲವರಿಗೆ ಮಾತ್ರ ನಾಳ ಕಟ್ಟಿದರು, ಉಳಿದವರಿಗೆ ಸುಮ್ನೆ ಹೊಲಿಗೆ ಹಾಕಿ ಕಳಿಸಿದರು. ನೋವು ಎರಡೂ ಕಡೆ ಅಷ್ಟೇ ಕಡಿಮೆ ಆಗಿತ್ತು. ಆ ಆಪರೇಷನ್ ಅಲ್ಲಿಗೇ ನಿಂತುಹೋಯಿತು.

ಸ್ಟೆಂಟಿಗೆ ಇಂಥ ಪರೀಕ್ಷೆ ಬರಲು 2017 ಆಗಬೇಕಾಯಿತು! ಆರ್ಬಿಟಾ ಅಂತ ಹೆಸರು, ಲಂಡನ್ನಿನ ರಾಶಾ ಅಲ್-ಲಾಮಿ ನಡೆಸಿದ್ದು. ಒಂದೇ ನಾಳದಲ್ಲಿ 70 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಬ್ಲಾಕ್ ಇದ್ದ 200 ಜನ. ಮೊದಲ ಆರು ವಾರ ಎಲ್ಲರಿಗೂ ಗುಳಿಗೆಗಳನ್ನು ಸರಿಯಾಗಿ ಹೊಂದಿಸಿಕೊಟ್ಟರು. ಆಮೇಲೆ ಕ್ಯಾಥ್ ಲ್ಯಾಬಿಗೆ ಕರೆದೊಯ್ದು, ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಹಚ್ಚಿ, ನಿದ್ದೆ ಮಂಪರಿನ ಔಷಧ ಕೊಟ್ಟು, ಅಲ್ಲೇ ಚೀಟಿ ಎತ್ತಿದರು. ಅರ್ಧ ಜನಕ್ಕೆ ಸ್ಟೆಂಟ್. ಉಳಿದರ್ಧ ಜನ ಕಡಿಮೆ ಅಂದರೆ ಹದಿನೈದು ನಿಮಿಷ ಅದೇ ಟೇಬಲ್ ಮೇಲೆ ಮಲಗಿದ್ದರು, ಸ್ಟೆಂಟ್ ಇಲ್ಲ. ವಾರ್ಡಿನ ನರ್ಸಿಗೂ ಗೊತ್ತಿಲ್ಲ, ಆಮೇಲೆ ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿಲ್ಲ. ಆರು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಸ್ಟೆಂಟ್ ಹಾಕಿದವರು ಮೊದಲಿಗಿಂತ 28 ಸೆಕೆಂಡ್ ಜಾಸ್ತಿ ನಡೆದರು, ಹಾಕದವರು 12 ಸೆಕೆಂಡ್. ನಡುವಿನ ಹದಿನಾರು ಹದಿನೇಳು ಸೆಕೆಂಡಿನ ವ್ಯತ್ಯಾಸ ಸುಮ್ನೆ ಆಕಸ್ಮಿಕವೂ ಆಗಿರಬಹುದು ಅಂತ ಲೆಕ್ಕ ಹೇಳಿತು.

ಇದು ಹೊರಬಂದಾಗ ಎಂಥ ಜಗಳ ಅಂತೀರಿ! ನಾನು ಆಗ ಕೆಲಸದಲ್ಲಿದ್ದೆ, ಕ್ಯಾಂಟೀನಿನಲ್ಲಿ ಡಾಕ್ಟರುಗಳ ಧ್ವನಿ ಏರಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಪೇಷಂಟ್ ಸಂಖ್ಯೆ ಕಡಿಮೆ, ಆರು ವಾರ ಸಾಲದು, ಗುಳಿಗೆ ಚೆನ್ನಾಗಿ ಕೊಟ್ಟ ಮೇಲೆ ಸ್ಟೆಂಟಿಗೆ ಉಳಿದ ಕೆಲಸವಾದರೂ ಏನು, ಅಂತ ಒಬ್ಬೊಬ್ಬರದು ಒಂದೊಂದು ವಾದ. ಕೊನೆಯ ವಾದದಲ್ಲಿ ಹುರುಳಿತ್ತು. ಅದೇ ತಂಡದವರು 2023ರಲ್ಲಿ ಆರ್ಬಿಟಾ-2 ತಂದರು. ಈ ಸಲ 301 ಜನ, ಎದೆನೋವಿನ ಗುಳಿಗೆಗಳನ್ನು ನಿಲ್ಲಿಸಿ, ಹನ್ನೆರಡು ವಾರ. ಸ್ಟೆಂಟ್ ಹಾಕಿದವರಿಗೆ ನೋವು ನಿಜಕ್ಕೂ ಕಡಿಮೆ ಆಯಿತು, ಹುಸಿ ಚಿಕಿತ್ಸೆಯವರಿಗಿಂತ ಜಾಸ್ತಿಯೇ. ಆದರೂ ಎಲ್ಲರ ನೋವೂ ಹೋಗಲಿಲ್ಲ. ಮೊದಲು ತಮಗೇ ಮುಜುಗರ ಆಗುವ ಫಲಿತಾಂಶ ಅಚ್ಚು ಮಾಡಿ, ಮತ್ತೆ ಇನ್ನೊಂದು ಕಡೆಯಿಂದ ತಾವೇ ಪರೀಕ್ಷೆ ಮಾಡಿದರಲ್ಲ, ಈ ಕೆಲಸದಲ್ಲಿ ನನಗೆ ಗೌರವ ಹುಟ್ಟಿಸುವುದು ಇಂಥದ್ದೇ.

"ನೋವಿಂದು ಬಿಡ್ರಿ, ಜೀವದ್ದು ಹೇಳ್ರಿ" ಅಂದರು ಮುಂದಿನ ಸಾಲಿನಲ್ಲಿ ಕೂತಿದ್ದ ರಿಟೈರ್ಡ್ ಹೆಡ್‌ಮಾಸ್ತರು.

ಜೀವದ್ದಕ್ಕೆ ಎರಡು ದೊಡ್ಡ ಪ್ರಯೋಗ. 2007ರ ಕರೇಜ್, ಅಮೆರಿಕ ಮತ್ತು ಕೆನಡಾದ 2,287 ಜನ. ಅರ್ಧ ಜನಕ್ಕೆ ಗುಳಿಗೆ ಮತ್ತು ಸ್ಟೆಂಟ್, ಅರ್ಧ ಜನಕ್ಕೆ ಬರೀ ಗುಳಿಗೆ, ಪಥ್ಯ, ನಡಿಗೆ. ನಾಲ್ಕೂವರೆ ವರ್ಷ ಬಿಟ್ಟು ಸಾವು ಮತ್ತು ಹಾರ್ಟ್ ಅಟ್ಯಾಕ್ ಸೇರಿಸಿ ಎಣಿಸಿದರೆ ಸ್ಟೆಂಟ್ ಕಡೆ 19 ಪರ್ಸೆಂಟ್, ಗುಳಿಗೆ ಕಡೆ 18.5. ಅಂದರೆ ಸರಿಸಮ. ಇನ್ನೊಂದು ಇಸ್ಕೀಮಿಯಾ, 37 ದೇಶಗಳ 5,179 ಜನ, ನಮ್ಮ ದೇಶದ ಪೇಷಂಟ್‌ಗಳೂ ಇದ್ದರು. ಫಲಿತಾಂಶ ಬಂದಿದ್ದು 2019ರ ಕೊನೆಯಲ್ಲಿ. ಇಲ್ಲೂ ಮೂರು ವರ್ಷ ಚಿಲ್ಲರೆ ಕಾದು ನೋಡಿದರೆ, ಸ್ಟೆಂಟೋ ಬೈಪಾಸೋ ಮೊದಲೇ ಮಾಡಿಸಿಕೊಂಡವರು ಜಾಸ್ತಿ ಬದುಕಲಿಲ್ಲ. ಎದೆನೋವು ಪದೇ ಪದೇ ಬರುತ್ತಿದ್ದವರಿಗೆ ಮಾತ್ರ ಆರಾಮ ಚೆನ್ನಾಗಿ ಸಿಕ್ಕಿತು. ನೋವೇ ಇಲ್ಲದವರಿಗೆ ಸಿಗಲು ಏನೂ ಇರಲಿಲ್ಲ.

ಈಗ ಇದರ ಅಂಚು ಎಲ್ಲಿದೆ ಅಂತ ಸರಿಯಾಗಿ ಕೇಳಿಸಿಕೊಳ್ಳಿ, ಅರ್ಧ ಕೇಳಿ ಮನೆಗೆ ಹೋಗಿ ವಾಟ್ಸಾಪಿನಲ್ಲಿ "ಸ್ಟೆಂಟ್ ಬೇಡವಂತೆ" ಅಂತ ಹಾಕಬೇಡಿ. ಎಡಗಡೆಯ ಮುಖ್ಯ ನಾಳದ ಬುಡದಲ್ಲೇ ಬ್ಲಾಕ್ ಇದ್ದವರನ್ನು ಇಸ್ಕೀಮಿಯಾದಲ್ಲಿ ಸೇರಿಸಿಕೊಂಡಿರಲಿಲ್ಲ. ಹೃದಯದ ಪಂಪ್ ಶಕ್ತಿ ಬಹಳ ಕುಗ್ಗಿದವರನ್ನು, ಈಚೆಗೆ ಅಟ್ಯಾಕ್ ಆದವರನ್ನು, ಗುಳಿಗೆಗೆ ಬಗ್ಗದ ನೋವಿನವರನ್ನೂ ಸೇರಿಸಿರಲಿಲ್ಲ. ಅವರ ದಾರಿ ಬೇರೆ. ಅಟ್ಯಾಕ್ ಆಗಿ ಒಂದು ನಾಳ ತೆರೆಸಿಕೊಂಡವರಲ್ಲಿ ಉಳಿದ ನಾಳಗಳ ದೊಡ್ಡ ಬ್ಲಾಕನ್ನೂ ಸ್ಟೆಂಟ್ ಹಾಕಿ ತೆರೆದರೆ ಲಾಭ ಇದೆ ಅಂತ 2019ರಲ್ಲಿ ಕಂಪ್ಲೀಟ್ ಅನ್ನುವ 4,041 ಜನರ ಪ್ರಯೋಗ ತೋರಿಸಿದೆ. ಸಕ್ಕರೆ ಕಾಯಿಲೆ ಇದ್ದು ಹಲವು ನಾಳ ಕಿರಿದಾದವರಿಗೆ ಸ್ಟೆಂಟಿಗಿಂತ ಬೈಪಾಸ್ ಮೇಲು ಅಂತ 2012ರ ಫ್ರೀಡಂ ಹೇಳಿತು, ಅಲ್ಲಿ ಐದು ವರ್ಷದ ಸಾವು ಬೈಪಾಸ್ ಕಡೆ 10.9 ಪರ್ಸೆಂಟ್, ಸ್ಟೆಂಟ್ ಕಡೆ 16.3. ನಮ್ಮಲ್ಲಿ ಸಕ್ಕರೆ ಇಲ್ಲದ ಮನೆ ಎಲ್ಲಿದೆ? "ಎದೆ ಸೀಳೋದು ಬ್ಯಾಡ್ರಿ, ಸ್ಪ್ರಿಂಗ್ ಹಾಕಿಬಿಡ್ರಿ" ಅನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಸ್ಟೆಂಟಿಗೆ ನಮ್ಮವರು ಸ್ಪ್ರಿಂಗ್ ಅಂತಲೇ ಅನ್ನುವುದು, ನನಗೂ ಆ ಪದವೇ ಇಷ್ಟ. ಅದರ ಬೆಲೆಗೆ ಸರ್ಕಾರ 2017ರ ಫೆಬ್ರವರಿಯಲ್ಲಿ ಮಿತಿ ಹಾಕಿತು. ಬರೀ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಸವರಿದ್ದಕ್ಕೆ 29,600. ಅದಕ್ಕೂ ಮೊದಲು ಔಷಧದ ಸ್ಟೆಂಟಿಗೆ ಲಕ್ಷ ದಾಟಿದ ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ಹೊಲ ಮಾರುವ ಮಾತಾಡುತ್ತಿದ್ದವರನ್ನು ನೋಡಿದ್ದೇನೆ.

ಜೀವ ಉಳಿಸುವುದರಲ್ಲಿ ಸದ್ದಿಲ್ಲದೆ ಗೆದ್ದದ್ದು ಒಂದು ಗುಳಿಗೆ. ನಾರ್ವೆ, ಸ್ವೀಡನ್ ಕಡೆ 4,444 ಜನರ ಮೇಲೆ ಸ್ಟ್ಯಾಟಿನ್ ಅನ್ನುವ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಯ ಪರೀಕ್ಷೆ ಮಾಡಿದರು, ಫಲಿತಾಂಶ ಬಂದಿದ್ದು 1994ರಲ್ಲಿ (ಸಂಖ್ಯೆ ನಾನು ಕಟ್ಟಿದ್ದಲ್ಲ, ನಿಜವಾಗಿಯೂ ನಾಲ್ಕು ನಾಲ್ಕು). ಆಗಲೇ ಹೃದಯದ ಕಾಯಿಲೆ ಇದ್ದವರು. ಐದು ವರ್ಷ ಚಿಲ್ಲರೆಯಲ್ಲಿ ಹುಸಿ ಗುಳಿಗೆಯ ಕಡೆ 256 ಜನ ಹೋದರು, ಸ್ಟ್ಯಾಟಿನ್ ಕಡೆ 182. ಗೋಡೆಯ ತೇವ ಆರಿಸುವ ಔಷಧ ಅದು. ಆದರೆ ಅದಕ್ಕೆ ಸಿಡಿ ಇಲ್ಲ, ಮೊದಲು ಮತ್ತು ಆಮೇಲೆ ಅನ್ನುವ ಫೋಟೋ ಇಲ್ಲ, ನೋಡಲು ಬರುವ ನೆಂಟರಿಲ್ಲ. ಮೂರು ತಿಂಗಳಾದ ಮೇಲೆ ನಾನು ಫೋನ್ ಮಾಡಿ "ಗುಳಗಿ ತಗೋತೀರೇನ್ರಿ" ಅಂದರೆ, "ಆರಾಮ್ ಆಗೇತ್ರಿ, ಬಿಟ್ಟೀನಿ" ಅನ್ನುತ್ತಿದ್ದರು.

ಪತ್ತೆ ಮಾಡುವ ಕಡೆಗೂ ಸ್ವಲ್ಪ ಬರೋಣ, ಕಾಕಾನ ಎಂಬತ್ತು ಅಲ್ಲೇ ಇದೆ. ಆಂಜಿಯೋಗ್ರಾಮ್ ಅಂದರೆ ಬಣ್ಣದ ದ್ರವ ಹರಿಯುವ ದಾರಿಯ ನೆರಳು. ನೆರಳು ನೋಡಿ ಕಣ್ಣಳತೆಯಲ್ಲಿ ಪರ್ಸೆಂಟ್ ಹೇಳುತ್ತಾರೆ. ಆ ಪರ್ಸೆಂಟೂ ಅಗಲದ್ದು. ಅಗಲದಲ್ಲಿ 50 ಪರ್ಸೆಂಟ್ ಕಿರಿದಾದರೆ ದಾರಿಯ ಬಾಯಿ 75 ಪರ್ಸೆಂಟ್ ಕಿರಿದಾಗುತ್ತದೆ, ಲೆಕ್ಕದ ಮಾಸ್ತರು ಬೇಕಾದರೆ ಬಿಡಿಸಿ ನೋಡಲಿ. ಇಷ್ಟಾದರೂ ಆ ಬ್ಲಾಕ್ ಆಚೆ ರಕ್ತ ಸಾಕಷ್ಟು ಹೋಗುತ್ತಿದೆಯೋ ಇಲ್ಲವೋ ಅಂತ ನೆರಳು ಹೇಳುವುದಿಲ್ಲ. ಅದಕ್ಕೆ ಕೂದಲೆಳೆಯಂಥ ತಂತಿ ಒಳಗೆ ಬಿಟ್ಟು ಬ್ಲಾಕಿನ ಈಚೆಗಿನ ಒತ್ತಡ, ಆಚೆಗಿನ ಒತ್ತಡ ಎರಡನ್ನೂ ಅಳೆಯುತ್ತಾರೆ, ಎಫ್‌ಎಫ್‌ಆರ್ ಅಂತ. ಕಾಲುವೆ ಗೇಟಿನ ಮೇಲೆಷ್ಟು ನೀರು, ಕೆಳಗೆಷ್ಟು ಅಂತ ನೋಡಿದ ಹಾಗೆ. ಆಚೆಗಿನದು ಈಚೆಗಿನದರ 0.80 ಅಥವಾ ಕಡಿಮೆ ಆದರೆ ಆ ಬ್ಲಾಕ್ ತೊಂದರೆ ಕೊಡುವಂಥದ್ದು. 2009ರಲ್ಲಿ ಫೇಮ್ ಅನ್ನುವ 1,005 ಜನರ ಪ್ರಯೋಗದಲ್ಲಿ, ಹೀಗೆ ಅಳೆದು ಸ್ಟೆಂಟ್ ಹಾಕಿದವರಿಗೆ ಸ್ಟೆಂಟೂ ಕಡಿಮೆ ಬೇಕಾದವು, ವರ್ಷದೊಳಗಿನ ತೊಂದರೆಗಳೂ 18.3ರಿಂದ 13.2 ಪರ್ಸೆಂಟಿಗೆ ಇಳಿದವು. ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಕಣ್ಣಳತೆಯಲ್ಲಿ 50ರಿಂದ 70 ಅನ್ನಿಸಿದ ಬ್ಲಾಕ್‌ಗಳಲ್ಲಿ ಮೂರಕ್ಕೆ ಒಂದು ಮಾತ್ರ ನಿಜಕ್ಕೂ ರಕ್ತ ತಡೆಯುತ್ತಿತ್ತು. 71ರಿಂದ 90 ಅನ್ನಿಸಿದವುಗಳಲ್ಲೂ ಐದಕ್ಕೆ ಒಂದು ತಡೆಯುತ್ತಿರಲಿಲ್ಲ.

ಸಿಟಿ ಸ್ಕ್ಯಾನಿನದು ಇನ್ನೊಂದು ಥರ. ಸ್ಕಾಟ್ಲೆಂಡಿನಲ್ಲಿ ಎದೆನೋವು ಅಂತ ಬಂದ 4,146 ಜನರಲ್ಲಿ ಅರ್ಧ ಜನಕ್ಕೆ ಮಾಮೂಲಿ ಪರೀಕ್ಷೆಯ ಜೊತೆ ಹೃದಯದ ಸಿಟಿ ಆಂಜಿಯೋ ಮಾಡಿದರು. ಐದು ವರ್ಷ ಬಿಟ್ಟು ನೋಡಿದರೆ ಸಿಟಿ ಗುಂಪಿನಲ್ಲಿ ಹೃದಯದಿಂದ ಸಾವು ಅಥವಾ ಅಟ್ಯಾಕ್ 2.3 ಪರ್ಸೆಂಟ್, ಉಳಿದವರಲ್ಲಿ 3.9. ಆ ಗುಂಪಿಗೆ ಸ್ಟೆಂಟ್ ಜಾಸ್ತಿ ಹಾಕಿದ್ದರಿಂದ ಅಲ್ಲ ಇದು. ಗೋಡೆಯಲ್ಲಿ ಜಿಡ್ಡಿದೆ ಅಂತ ಮೊದಲೇ ಕಂಡಿತು, ಡಾಕ್ಟರುಗಳು ಸರಿಯಾದ ಗುಳಿಗೆ ಬರೆದರು. ಮತ್ತೆ ಅದೇ ಗುಳಿಗೆ.

ಹೆಣ್ಣುಮಕ್ಕಳ ಮಾತು ಆಡದೆ ಇಳಿದರೆ ನನಗೆ ಸಮಾಧಾನ ಇಲ್ಲ. ಕರೇಜ್‌ನಲ್ಲಿ 85 ಪರ್ಸೆಂಟ್ ಗಂಡಸರು. ಇಸ್ಕೀಮಿಯಾದಲ್ಲಿ ಹೆಂಗಸರು ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಕಾರಣ ಬೇರೆ ಬೇರೆ ಇವೆ, ಆದರೆ ನಾನು ಕಣ್ಣಾರೆ ಕಂಡದ್ದು ಇಷ್ಟು. ಒಪ್ಪಿಗೆ ಪತ್ರ ಹೆಂಡತಿಯ ಮುಂದೆ ಇಟ್ಟರೆ ಓದುವುದು ಗಂಡ. "ಮಗನ್ನ ಕೇಳ್ಬೇಕ್ರಿ." ಫಾಲೋ-ಅಪ್ ಫೋನ್ ಮಾಡಿದರೆ ಎತ್ತುವುದೂ ಗಂಡನೇ. "ಆಕೀ ಆರಾಮ್ ಅದಾಳ್ರಿ." ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿರುತ್ತದೆ. ಆಕೆ ಆರಾಮಾಗಿದ್ದಾಳಾ ಅಂತ ಆಕೆಯನ್ನೇ ಕೇಳಬೇಕು, ಕೊಡ್ರಿ ಫೋನ್ ಅಂತ ಜಗಳ ಮಾಡಿದ್ದೇನೆ.

ಆ ಫಾರ್ಮುಗಳ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಿ ಮುಗಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸವದತ್ತಿ ಕಡೆಯ ಒಬ್ಬ ರೈತರಿಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. "ಎದಿ ನೋವು ಬರ್ತದೇನ್ರಿ?" "ಇಲ್ರಿ." ನಾಲ್ಕು ತಿಂಗಳು "ಇಲ್ಲ" ಅಂತ ತುಂಬಿದೆ. ಐದನೇ ತಿಂಗಳು ಖುದ್ದಾಗಿ ಬಂದಾಗ ಸುಮ್ನೆ ಕೇಳಿದೆ, ಹೊಲ ಹೇಗಿದೆ ಅಂತ. "ಹೊಲಕ್ಕ ಹೋಗೋದು ಬಿಟ್ಟೀನ್ರಿ. ನಡದ್ರ ಎದಿ ಹಿಡಿತೈತಿ. ಕಟ್ಟಿ ಮ್ಯಾಲ ಕುಂದ್ರತೀನಿ, ಆರಾಮ್ ಐತಿ." ನಡೆಯುವುದನ್ನೇ ಬಿಟ್ಟವರಿಗೆ ನೋವು ಎಲ್ಲಿಂದ ಬರಬೇಕು? ನನ್ನ ಫಾರ್ಮಿನ ಪ್ರಕಾರ ಅವರು ಗುಣವಾದ ಪೇಷಂಟ್. ಅಸಲಿಗೆ ಆ ಫಾರ್ಮಿನಲ್ಲಿ ಎಷ್ಟು ದೂರ ನಡೆಯುತ್ತೀರಿ, ಮೆಟ್ಟಿಲು ಹತ್ತುತ್ತೀರಾ, ಭಾರ ಎತ್ತುತ್ತೀರಾ ಅನ್ನುವ ಪ್ರಶ್ನೆಗಳೆಲ್ಲಾ ಇದ್ದವು. ನಾನು ಅವಸರದಲ್ಲಿ ಒಂದೇ ಪ್ರಶ್ನೆ ಕೇಳಿ ಉಳಿದದ್ದಕ್ಕೆ ಗೀಟು ಎಳೆದಿದ್ದೆ. ಆ ನಾಲ್ಕೂ ತಿಂಗಳ ಹಾಳೆಯ ಮೇಲೆ ತಪ್ಪಾಗಿದೆ ಅಂತ ಬರೆದು, ಸಹಿ ಮಾಡಿ, ತಾರೀಖು ಹಾಕಬೇಕಾಯಿತು.

ಮಾತು ಮುಗಿಯಿತು. ಆಮೇಲೆ ಗಿರ್ಮಿಟ್ಟು, ಮಿರ್ಚಿ, ಚಹಾ. ಹೃದಯದ ಮಾತಾದ ಮೇಲೆ ಎಣ್ಣೆ ಸೋರುವ ಮಿರ್ಚಿ ಕೊಡುವುದು ನಮ್ಮ ಊರಿನವರಿಗೆ ಮಾತ್ರ ಸಾಧ್ಯ, ನಾನೂ ಒಂದು ತಿಂದೆ.

ಕಾಕಾ ಚೀಲ ಹಿಡಿದು ಮತ್ತೆ ಬಂದರು. ಈ ಸಲ ನಾನೇ ಮೊದಲು ಕೇಳಿದೆ. ಕಾಕಾ, ಎಷ್ಟು ನಡೆದರೆ ಎದೆ ಹಿಡಿಯುತ್ತದೆ?

ಅವರು ಚಹಾದ ಕಪ್ಪು ಕಿಟಕಿ ಕಟ್ಟೆಯ ಮೇಲಿಟ್ಟು ಯೋಚಿಸಿದರು. "ಹೋದ ವರ್ಷ ಮನಿಯಿಂದ ಬಸ್ ಸ್ಟ್ಯಾಂಡಿಗೆ ನಿಲ್ದ ಹೋಗ್ತಿದ್ನಿ. ದೀಪಾವಳಿ ಆದಮ್ಯಾಲ ಒಂದ ಸಲ ನಿಲ್ತಿದ್ನಿ. ಈಗ ಮೂರ ಸಲ ನಿಲ್ತೀನ್ರಿ."

ಇದನ್ನು ಡಾಕ್ಟರಿಗೆ ಹೇಳಿದಿರಾ ಅಂದೆ.

"ಅವ್ರು ಕೇಳಿಲ್ಲಲ್ರಿ."

ಫೈಲಿನ ಮೇಲೆಯೇ ಪೆನ್ನಿನಲ್ಲಿ ಬರೆದೆ. ಹೋದ ವರ್ಷ ಸೊನ್ನೆ, ದೀಪಾವಳಿ ಆದ ಮೇಲೆ ಒಂದು, ಈಗ ಮೂರು. ನಾಳೆ ಬೆಳಗ್ಗೆನೇ ಹೋಗಿ, ಮೊದಲು ಇದನ್ನು ತೋರಿಸಿ ಅಂದೆ. ಬರೆದದ್ದನ್ನು ಒಮ್ಮೆ ಓದಿಕೊಂಡು, ಸಿಡಿಯನ್ನು ಮತ್ತೆ ಚೀಲದೊಳಗೆ ಇಟ್ಟರು.

"ಇದನ್ನೂ ಒಯ್ಲೇನ್ರಿ?"

ಒಯ್ಯಿರಿ, ಅದೂ ಬೇಕಾಗುತ್ತದೆ ಅಂದೆ.